ಲೈಸೆನ್ಸ್ ಬೇಡ, ಸರಿ. ವಯಸ್ಸು? ಇ-ಸೈಕಲ್ ಮತ್ತು ಹದಿನಾರರ ಹುಡುಗ

ಈ ವಾರದ ಮಾತು ಶುರುವಾದದ್ದು ಇಲ್ಲೇ ಪುಣೆಯಲ್ಲಿ, ನಮ್ಮ ಅಕ್ಕನ ಮನೆಯಲ್ಲಿ. ಅಕ್ಕನ ಮಗನಿಗೆ ಈಗ ಹದಿನಾರು. ಹತ್ತನೇ ಕ್ಲಾಸು ಮುಗಿಸಿ ಹನ್ನೊಂದಕ್ಕೆ ಸೇರಿದ್ದಾನೆ. ಭಾವ ಕೇಟರಿಂಗ್‌ನವರ ಜೊತೆ ಅಡುಗೆಗೆ ಹೋಗುತ್ತಿದ್ದರು. ಬೆನ್ನು ಹಿಡಿದುಕೊಂಡು ನಾಲ್ಕು ತಿಂಗಳಿಂದ ಮನೆಯಲ್ಲೇ ಇದ್ದಾರೆ. ಒಂದು ಭಾನುವಾರ ಹುಡುಗ ಮೊಬೈಲ್ ಹಿಡಿದುಕೊಂಡು ಪಕ್ಕ ಬಂದು ಕೂತ.

"ಮಾಮ, ಈ ಇ-ಸೈಕಲ್ ನೋಡಿ. ಮೂವತ್ತು ಸಾವಿರ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಇನ್ಶೂರೆನ್ಸ್ ಬೇಡ. ಪಾರ್ಸೆಲ್ ಕೊಡೋ ಕೆಲಸ ಸಿಗ್ತದೆ. ನೀವು ಅರ್ಧ ಹಾಕಿ, ಆರು ತಿಂಗಳಲ್ಲಿ ತೀರಿಸ್ತೇನೆ."

ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಯಾಕಂದ್ರೆ 1989ರಲ್ಲಿ ಕುಂದಾಪುರದ ಕಡೆಯಿಂದ ದೊಡ್ಡಪ್ಪನ ಮಗನ ಜೊತೆ ಬಸ್ಸು ಬದಲಿಸಿ ಬದಲಿಸಿ ಈ ಊರಿಗೆ ಬಂದಾಗ ನನಗೆ ಹದಿಮೂರು. ಬಂದ ಮೂರನೇ ದಿನಕ್ಕೆ ಹೋಟೆಲಿನ ಸೈಕಲ್ ಕೈಗೆ ಕೊಟ್ಟಿದ್ದರು. "ಇಷ್ಟು ಸಣ್ಣ ವಯಸ್ಸಿಗೆ ನಿನಗ್ಯಾಕೋ ದುಡಿಮೆ" ಅಂತ ಹೇಳುವ ಬಾಯಿ ನನಗಿಲ್ಲ. ಹಾಗಂತ "ನಾನು ದುಡಿದಿಲ್ವಾ, ನೀನೂ ದುಡಿ" ಅನ್ನೋದಕ್ಕೂ ಮನಸ್ಸು ಬರಲಿಲ್ಲ. ಕಾನೂನು ಏನು ಹೇಳುತ್ತದೆ ನೋಡೋಣ ಅಂತ ಹೊರಟೆ. ನೋಡಿದರೆ ಅಲ್ಲಿ ಒಂದಲ್ಲ, ಎರಡು ಕಾನೂನು. ಅಂಗಡಿಯವನು ಹೇಳುವುದು ಮೊದಲನೆಯದನ್ನು ಮಾತ್ರ, ಅದೂ ಅರ್ಧ.

ಮೊದಲನೆಯದು ಗಾಡಿಯ ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ ಎರಡನೇ ನಿಯಮದಲ್ಲೇ ಬ್ಯಾಟರಿಯಿಂದ ಓಡುವ ವಾಹನ ಅಂದ್ರೆ ಏನು ಅಂತ ವಿವರಣೆ ಇದೆ. ಅದರ ಜೊತೆಗೇ ಒಂದು ವಿನಾಯಿತಿ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಪೆಡಲ್ ತುಳಿದಾಗ ಮೋಟಾರು ಸಹಾಯಕ್ಕೆ ಬರುವ ಸೈಕಲ್ ಆದರೆ, ವೇಗ 25ಕ್ಕೆ ಹತ್ತಿರವಾದಂತೆ ಮೋಟಾರಿನ ಬಲ ಇಳಿಯುತ್ತಾ ಬಂದು ನಿಲ್ಲಬೇಕು. ಕಾಲು ನಿಂತರೆ ಮೋಟಾರೂ ನಿಲ್ಲಬೇಕು. ಸರಿಯಾದ ಬ್ರೇಕು ಬೇಕು. ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕು. ಇಷ್ಟಿದ್ದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ವಾಹನವೇ ಅಲ್ಲ ಅಂದ ಮೇಲೆ ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಇಲ್ಲ. ಅಂಗಡಿಯವನು ಇಲ್ಲಿವರೆಗೆ ಹೇಳಿದ್ದು ಸರಿ.

ಅವನು ನುಂಗಿದ ಮಾತು ಇನ್ನೊಂದಿದೆ. ಈ ಷರತ್ತುಗಳೆಲ್ಲ ಪೂರೈಸಿವೆ ಅಂತ ಸರ್ಕಾರ ಹೆಸರಿಸಿರುವ ಪರೀಕ್ಷಾ ಸಂಸ್ಥೆಯೊಂದು ನೋಡಿ ಒಪ್ಪಿರಬೇಕು. ಡಬ್ಬದ ಮೇಲೆ ‘250 ವ್ಯಾಟ್’ ಅಂತ ಸ್ಟಿಕ್ಕರ್ ಅಂಟಿಸಿದರೆ ಸಾಲದು. ಹಾಗೆ ಪರೀಕ್ಷೆ ಮಾಡುವ ಸಂಸ್ಥೆಗಳು ದೇಶದಲ್ಲಿ ಕೆಲವೇ. ಅವುಗಳಲ್ಲಿ ಎರಡು ನಮ್ಮ ಪುಣೆಯಲ್ಲೇ ಇವೆ: ಭೋಸರಿಯ ಸಿ.ಐ.ಆರ್.ಟಿ. ಮತ್ತು ಕೋಥ್ರುಡ್‌ನಲ್ಲಿ ವೇತಾಳ ಟೆಕಡಿಯ ಮೇಲಿರುವ ಎ.ಆರ್.ಎ.ಐ. ಈ ಎರಡನೆಯದು 1966ರಿಂದ ಇದೆ. ಅಕ್ಕನ ಮನೆಯಿಂದ ಆ ಗುಡ್ಡ ಕಾಣುತ್ತದೆ. ವರ್ಷಗಟ್ಟಲೆ ಬೆಳಗಿನ ವಾಕಿಂಗ್‌ಗೆ ಅಲ್ಲಿಗೆ ಹೋಗಿದ್ದೇನೆ. ಸೈಕಲ್ ಸೈಕಲ್ಲೋ ಅಲ್ಲವೋ ಅಂತ ತೀರ್ಮಾನ ಆಗುವ ಜಾಗ ಅದು ಅಂತ ಗೊತ್ತೇ ಇರಲಿಲ್ಲ.

250 ವ್ಯಾಟ್ ಅನ್ನೋದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ನಿಯಮದಲ್ಲಿರುವುದು ‘ಮೂವತ್ತು ನಿಮಿಷದ ಶಕ್ತಿ’. ಅಂದ್ರೆ ಮೋಟಾರು ಅರ್ಧ ಗಂಟೆ ಬಿಡದೆ ಕೊಡಬಲ್ಲ ಬಲ. ಒಂದು ಕ್ಷಣಕ್ಕೆ ಅದಕ್ಕಿಂತ ಜಾಸ್ತಿ ಎಳೆಯಬಹುದು, ಅದು ತಪ್ಪಲ್ಲ. ಅಷ್ಟರಲ್ಲಿ ಏನು ಸಾಧ್ಯ? ಹುಡುಗ, ಸೈಕಲ್, ಸಾಮಾನು ಸೇರಿ ನೂರು ಕಿಲೋ ಅಂದುಕೊಳ್ಳಿ. ನೂರು ಅಡಿ ಹೋದರೆ ಐದು ಅಡಿ ಏರುವ ದಿಬ್ಬ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ, ಬರೀ ಏರುವುದಕ್ಕೇ ಸುಮಾರು 200 ವ್ಯಾಟ್ ಬೇಕು. ಗಾಳಿ, ಟಯರಿನ ತಿಕ್ಕಾಟ ಬೇರೆ. ಒಬ್ಬ ಆರೋಗ್ಯವಂತ ಮನುಷ್ಯ ದಿನವಿಡೀ ದುಡಿಯುವಾಗ ಕೊಡಬಲ್ಲದ್ದು 75ರಿಂದ 100 ವ್ಯಾಟ್.

ಈ ಲೆಕ್ಕ ಹಾಕುವಾಗ ನನ್ನ ಮೊಣಕಾಲು ನೆನಪಾಯಿತು. ಹೋಟೆಲಿನದು ಇಪ್ಪತ್ತೆರಡು ಇಂಚಿನ ಕಬ್ಬಿಣದ ಸೈಕಲ್. ಸೀಟಿನ ಮೇಲೆ ಕೂತರೆ ನನ್ನ ಕಾಲು ಪೆಡಲಿಗೆ ಎಟುಕದು. ಒಳಪೆಡಲು ಹೊಡೆಯಬೇಕು, ಅಂದ್ರೆ ಬಾರಿನ ಕೆಳಗಿಂದ ಒಂದು ಕಾಲು ತೂರಿಸಿ, ಸೊಂಟ ಸೊಟ್ಟ ಮಾಡಿಕೊಂಡು ತುಳಿಯೋದು. ಹ್ಯಾಂಡಲಿನ ಒಂದು ಕಡೆ ಚಹಾದ ಕಿಟ್ಲಿ, ಇನ್ನೊಂದು ಕಡೆ ಪಾರ್ಸೆಲ್ ಚೀಲ. ಪೌಡ್ ರಸ್ತೆ ಆಗ ಇಷ್ಟು ಅಗಲ ಇರಲಿಲ್ಲ, ಆದರೆ ಏರು ಅದೇ ಏರು. ಅವತ್ತು ಯಾರಾದರೂ ಹಿಂದಿನ ಚಕ್ರಕ್ಕೆ ಒಂದು ಮೋಟಾರು ಕಟ್ಟಿ ಕೊಟ್ಟಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ಹಾಗಾಗಿ ಇ-ಸೈಕಲ್ ಅಂದ್ರೆ ನನಗೆ ಸಿಟ್ಟಿಲ್ಲ, ಹೊಟ್ಟೆಕಿಚ್ಚು ಬೇಕಾದರೆ ಸ್ವಲ್ಪ ಇದೆ.

(ವಿಡಿಯೋದಲ್ಲಿ ಇಲ್ಲಿ ಆ ಕಾಲದ ಒಂದು ಫೋಟೋ ತೋರಿಸಿದ್ದೆ. ಎಡಗಡೆ ನಿಂತ ಚಡ್ಡಿಯ ಹುಡುಗ ನಾನೇ.)

ತೊಂದರೆ ಶುರುವಾಗುವುದು 250 ವ್ಯಾಟ್ ಸಾಲದಾದಾಗ. ಹತ್ತು ಪಾರ್ಸೆಲ್ ಕೊಟ್ಟರೆ ಇಷ್ಟು, ಹದಿನೈದಕ್ಕೆ ಅಷ್ಟು ಅಂತ ಲೆಕ್ಕ ಇರುವ ಕಡೆ ಗಂಟೆಗೆ 25 ಕಿಲೋಮೀಟರ್ ಅಂದ್ರೆ ಆಮೆ ನಡಿಗೆ. ಕಂಟ್ರೋಲರಿನ ಮಿತಿ ತೆಗೆಸಿ ನಲವತ್ತು, ನಲವತ್ತೈದರ ವೇಗಕ್ಕೆ ಏರಿಸಿಕೊಡುವವರು ಇದ್ದಾರೆ. ಇದು ಎಷ್ಟು ಹಬ್ಬಿತ್ತು ಅಂದ್ರೆ, 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಸಾರಿಗೆ ಆಯುಕ್ತರೇ ಇಂಥ ಗಾಡಿಗಳನ್ನು ಹಿಡಿಯಿರಿ ಅಂತ ಆರ್.ಟಿ.ಓ. ಕಚೇರಿಗಳಿಗೆ ಸೂಚನೆ ಕೊಡಬೇಕಾಯಿತು.

ಮಿತಿ ದಾಟಿದ ಆ ಕ್ಷಣಕ್ಕೆ ಸೈಕಲ್ ಮೋಟಾರು ವಾಹನ ಆಗಿಬಿಡುತ್ತದೆ. ಕಣ್ಣಿಗೆ ಅದೇ ಸೈಕಲ್; ಕಾನೂನಿನಲ್ಲಿ ನೋಂದಣಿ ಇಲ್ಲದ, ವಿಮೆ ಇಲ್ಲದ ಗಾಡಿ. ಓಡಿಸಿದವನು ಹದಿನೆಂಟು ತುಂಬದವನಾದರೆ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಬರುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ್ದು ಇದು. ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ನನಗೆ ಗೊತ್ತೇ ಇರಲಿಲ್ಲ, ಅಥವಾ ನಾನು ತಡೆಯಲು ಪ್ರಯತ್ನಪಟ್ಟಿದ್ದೆ ಅಂತ ಅವರೇ ಸಾಬೀತು ಮಾಡಬೇಕು. ಇಲ್ಲದಿದ್ದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗದು. ನಮ್ಮ ಮನೆಯ ವಿಷಯದಲ್ಲಿ ಅಂದ್ರೆ, ಮೂವತ್ತು ಸಾವಿರದ ಸೈಕಲ್ಲಿಗೆ ಬೆನ್ನು ಹಿಡಿದು ಮಲಗಿರುವ ಭಾವ ಕೋರ್ಟಿಗೆ ಅಲೆಯಬೇಕು. ಅರ್ಧ ದುಡ್ಡು ಹಾಕಿ ಸೈಕಲ್ ನನ್ನ ಹೆಸರಲ್ಲಿದ್ದರೆ ನಾನೂ ಅಲೆಯಬೇಕು.

ಇನ್ನೊಂದು ಮಾತು. ನಿಯಮದೊಳಗಿನ ಸೈಕಲ್ಲೇ ಆದರೂ ಯಾರಿಗಾದರೂ ಗುದ್ದಿದರೆ ಕೇಸು ಆಗುವುದಿಲ್ಲ ಅಂದುಕೊಳ್ಳಬೇಡಿ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಹೇಳುವುದು ‘ಯಾವುದೇ ವಾಹನ’ ಅಂತ. ಅಜಾಗರೂಕತೆಯಿಂದ ಓಡಿಸಿದರೆ ಸೈಕಲ್ಲೂ ಅದರೊಳಗೆ ಬಂತು. ವಿಮೆ ಮಾತ್ರ ಇಲ್ಲ, ಎದುರಿನವರ ಆಸ್ಪತ್ರೆ ಖರ್ಚು ಕೈಯಿಂದಲೇ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ನಿಯಮದೊಳಗಿನ ಸೈಕಲನ್ನು ಎಷ್ಟು ವಯಸ್ಸಿನವರು ಓಡಿಸಬಹುದು? ಬ್ರಿಟನ್ನಿನಲ್ಲಿ ಇದೇ 250 ವ್ಯಾಟಿನ ಸೈಕಲ್ಲಿಗೆ ಕನಿಷ್ಠ 14 ವರ್ಷ ಅಂತ ಇದೆ. ನಮ್ಮ ನಿಯಮದಲ್ಲಿ ವಯಸ್ಸಿನ ಮಾತೇ ಇಲ್ಲ. ವಾಹನವೇ ಅಲ್ಲದ್ದಕ್ಕೆ ವಯಸ್ಸು ಯಾಕೆ ಹೇಳುತ್ತಾರೆ? ಹುಡುಗ ಗೆದ್ದವನ ಹಾಗೆ ನೋಡಿದ. ಆದರೆ ಅವನು ಸೈಕಲ್ ಕೇಳಿದ್ದು ಸುತ್ತಾಡಲಿಕ್ಕಲ್ಲ, ದುಡಿಯಲಿಕ್ಕೆ. ಅಲ್ಲಿ ಎರಡನೇ ಕಾನೂನು ಶುರು.

1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ಪೂರಾ ಬದಲಾಯಿತು. ಹದಿನಾಲ್ಕು ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. ಶಾಲೆ ಮುಗಿಸಿ ಮನೆಯವರ ಕಸುಬಿಗೆ ಕೈಜೋಡಿಸುವುದು, ಸಿನಿಮಾ-ಟೀವಿಯಲ್ಲಿ ನಟಿಸುವುದು, ಇಂಥ ಒಂದೆರಡು ವಿನಾಯಿತಿ ಇವೆ. ಹದಿನಾಲ್ಕರಿಂದ ಹದಿನೆಂಟರವರೆಗೆ ಗಣಿ, ಸ್ಫೋಟಕ, ಅಪಾಯದ ಕಾರ್ಖಾನೆ ಕೆಲಸ ಬಿಟ್ಟು ಬೇರೆ ಕೆಲಸ ಮಾಡಬಹುದು. ಅಂದ್ರೆ ನಮ್ಮ ಹುಡುಗ ದುಡಿಯಬಹುದು. ಆದರೆ ಗಡಿಯಾರ ನೋಡಿಕೊಂಡು. ಒಂದೇ ಸಮನೆ ಮೂರು ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ, ಮಧ್ಯೆ ಒಂದು ಗಂಟೆ ವಿರಾಮ ಕೊಡಬೇಕು. ಬಿಡುವೂ ಸೇರಿ ದಿನಕ್ಕೆ ಆರು ಗಂಟೆ. ಓವರ್‌ಟೈಮ್ ಇಲ್ಲ. ವಾರಕ್ಕೊಂದು ರಜೆ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಕೂಡದು.

ಈ ಕೊನೆಯದನ್ನು ನಾನು ಎರಡು ಸಲ ಓದಿದೆ. ಊಟದ ಪಾರ್ಸೆಲ್ಲಿಗೆ ಬೇಡಿಕೆ ಇರುವುದು ಯಾವಾಗ? ಏಳರಿಂದ ಹನ್ನೊಂದು. ಹಾಲು, ಪೇಪರ್ ಹಾಕುವುದು ಯಾವಾಗ? ಐದರಿಂದ ಏಳು. ಸೈಕಲ್ ಹುಡುಗರಿಗೆ ಕೆಲಸ ಸಿಗುವ ಹೊತ್ತನ್ನೇ ಹುಡುಕಿ ಹುಡುಕಿ ಮುಚ್ಚಿದ ಹಾಗಿದೆ. ಇನ್ನು ದೊಡ್ಡ ಆ್ಯಪ್‌ಗಳ ಮಾತು ಬಿಡಿ, ಹದಿನೆಂಟು ಆಗದವರ ಜೊತೆ ಒಪ್ಪಂದವೇ ಊರ್ಜಿತ ಅಲ್ಲ. "ಪಕ್ಕದ ಬಿಲ್ಡಿಂಗ್ ಅಣ್ಣನ ಐಡಿ ಇದೆ ಮಾಮ" ಅಂದ. ಅಣ್ಣನ ಹೆಸರಲ್ಲಿ ಓಡುವಾಗ ಬಿದ್ದರೆ ಕಾಗದದ ಮೇಲೆ ಬಿದ್ದವನು ಯಾರು? ಅದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ.

ನಾನು ಬಿದ್ದದ್ದು ಬೆಳಿಗ್ಗೆ ಐದೂವರೆಗೆ. ಜುಲೈ ತಿಂಗಳು, ಜಿಟಿಜಿಟಿ ಮಳೆ. ಹಿಂದಿನ ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿತ್ತು. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಎಡಗೈ ಮುರಿಯಿತು, ಇವತ್ತಿಗೂ ಪೂರ್ತಿ ನೇರ ಆಗುವುದಿಲ್ಲ. ಅದಕ್ಕಿಂತ ನೆನಪಿರುವುದು ರಸ್ತೆಯ ಮೇಲೆ ಮಳೆನೀರಿನ ಜೊತೆ ಹಾಲು ಬೆಳ್ಳಗೆ ಹರಿದು ಹೋದದ್ದು, ಕೈಗಿಂತ ಮೊದಲು ನಾನು ಕ್ಯಾನು ನೋಡಿಕೊಂಡದ್ದು. ಧಣಿಗಳು ಬೈಯಲಿಲ್ಲ. ತಿಂಗಳ ಕೊನೆಗೆ ಹಾಲಿನ ದುಡ್ಡು ಸಂಬಳದಲ್ಲಿ ಮುರಿದುಕೊಂಡರು, ಅಷ್ಟೇ. ಕೈ ಕಟ್ಟಿಸಿದ್ದು ದೊಡ್ಡಪ್ಪನ ಮಗ, ಅವನ ದುಡ್ಡಲ್ಲಿ. ಅವನಿಗೂ ಆಗ ಹತ್ತೊಂಬತ್ತು.

ಪುಣೆಯ ಹೋಟೆಲ್ ಅಂದ ತಕ್ಷಣ ಎಲ್ಲರೂ ವೈಶಾಲಿ, ರೂಪಾಲಿಯ ಜಗನ್ನಾಥ ಶೆಟ್ಟರ ಹೆಸರು ಹೇಳುತ್ತಾರೆ. ಕಾರ್ಕಳದ ಕಡೆಯ ಹಳ್ಳಿಯಿಂದ 1949ರಲ್ಲಿ ಇಲ್ಲಿಗೆ ಬಂದ ಹುಡುಗ, 2023ರಲ್ಲಿ ತೀರಿಕೊಂಡಾಗ ಇಡೀ ಊರು ನೆನೆಯಿತು. ಅದು ನಿಜವಾದ ಕಥೆ, ನಮಗೆಲ್ಲ ಹೆಮ್ಮೆಯ ಕಥೆ. ಆದರೆ ನನ್ನ ಜೊತೆ ಹಿತ್ತಲಿನ ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಐದು ಹುಡುಗರಲ್ಲಿ ಯಾರೂ ಹೋಟೆಲ್ ಕಟ್ಟಲಿಲ್ಲ. ಕೇಂದ್ರದ ನಿಷೇಧದ ಪಟ್ಟಿಗೆ ಹೋಟೆಲು, ಧಾಬಾ, ಚಹಾ ಅಂಗಡಿ ಸೇರಿದ್ದು 2006ರ ಅಕ್ಟೋಬರ್ 10ಕ್ಕೆ. ಅಷ್ಟೊತ್ತಿಗೆ ನನಗೆ ಮೂವತ್ತು.

ಸರಿ, ಕೊನೆಗೆ ಏನು ಮಾಡಿದೆವು ಹೇಳುತ್ತೇನೆ. ಹುಡುಗನನ್ನು ಕರೆದುಕೊಂಡು ಅಂಗಡಿಗೆ ಹೋದೆ. "ಈ ಮಾಡೆಲ್ಲಿಗೆ ಪರೀಕ್ಷಾ ಸಂಸ್ಥೆಯ ಸರ್ಟಿಫಿಕೇಟ್ ಇದೆಯಾ, ಒಂದು ಪ್ರತಿ ಕೊಡಿ" ಅಂದೆ. ಮೊದಲ ಅಂಗಡಿಯವನು ನಕ್ಕ. ಎರಡನೆಯವನು "ಕಂಪನಿ ವೆಬ್‌ಸೈಟಲ್ಲಿದೆ" ಅಂದ, ಹುಡುಕಿದರೆ ಇರಲಿಲ್ಲ. ಮೂರನೇ ಕಡೆ ಮಾಡೆಲ್ ಹೆಸರು ಸಮೇತ ಪ್ರತಿ ಕೊಟ್ಟರು. ನೀವೂ ಕೊಳ್ಳುವವರಿದ್ದರೆ ಮಾಡೆಲ್ ಹೆಸರು ಹೊಂದುತ್ತದಾ ನೋಡಿ, ಬಿಲ್ಲಿನಲ್ಲೂ ಅದೇ ಹೆಸರು ಬರೆಸಿ. ಪೊಲೀಸರು ನಿಲ್ಲಿಸಿದರೆ ತೋರಿಸಲಿಕ್ಕೆ ಇರುವುದು ಆ ಎರಡು ಕಾಗದ ಮಾತ್ರ.

ಪೆಡಲ್ ತುಳಿದರೆ ಮಾತ್ರ ಓಡುವಂಥದ್ದು ತೆಗೆದುಕೊಂಡೆವು. ಪರಿಚಯದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ, ನಾಲ್ಕರಿಂದ ಏಳು, ಭಾನುವಾರ ರಜೆ. ಹತ್ತಿರದ ಸೊಸೈಟಿಗಳಿಗೆ ಮಾತ್ರೆ ತಲುಪಿಸುವುದು. ಅಂಗಡಿಯವರು ಒಳ್ಳೆಯವರೇ, ಆದರೂ ಎರಡನೇ ವಾರಕ್ಕೇ ಕೇಳಿದರು: "ಅಣ್ಣಾ, ಒಂಬತ್ತರವರೆಗೆ ಬಿಡ್ತೀರಾ? ರಶ್ಶೆಲ್ಲ ಆಮೇಲೇ." ನಾನು ಆಗಲ್ಲ ಅಂದೆ. ಅಕ್ಕ ಏನೂ ಅನ್ನಲಿಲ್ಲ, ಆದರೆ ಆ ಎರಡು ಗಂಟೆಯ ದುಡ್ಡು ಅಂದ್ರೆ ಭಾವನ ಔಷಧಿಯ ದುಡ್ಡು ಅನ್ನೋದು ನನಗೂ ಗೊತ್ತು, ಅವಳಿಗೂ ಗೊತ್ತು. ಈ ತಿಂಗಳು ಅಷ್ಟನ್ನು ನಾನು ಕೊಟ್ಟೆ. ಮುಂದಿನ ತಿಂಗಳೂ ಕೊಡುತ್ತೇನೆ. ಹುಡುಗನಿಗೆ ಅದು ಹಿಡಿಸಿಲ್ಲ. "ನೀವು ಹದಿಮೂರಕ್ಕೇ ದುಡಿದವರು, ನನಗೆ ಮಾತ್ರ ಯಾಕೆ ಟೈಮು ನೋಡ್ತೀರಿ" ಅಂತ ಅಕ್ಕನ ಹತ್ತಿರ ಹೇಳಿದನಂತೆ.

ಏಳು ಹೊಡೆದ ಮೇಲೆ ಸೈಕಲ್ಲಿನ ಕೀ ಅಕ್ಕನ ಮನೆಯ ಫ್ರಿಜ್ಜಿನ ಮೇಲಿರುತ್ತದೆ. ನಿನ್ನೆ ಹೋದಾಗ ಅವನು ಬ್ಯಾಟರಿ ಬಿಚ್ಚಿ ಚಾರ್ಜಿಗೆ ಇಡುತ್ತಿದ್ದ. "ಬ್ರೇಕು ನೋಡಿದ್ಯಾ?" ಅಂದೆ. "ಹೂಂ, ನೋಡಿದೆ ಮಾಮ" ಅಂದ, ತಲೆ ಎತ್ತದೆ.