ತಕ್ಕಡಿಯಲ್ಲಿ ಗೆದ್ದು ಅಂಕಣದಲ್ಲಿ ಸೋಲುವವರು

ಮಳೆಗಾಲ ಮುಗಿದು ಗದ್ದೆಗಳಲ್ಲಿ ಕೊಯ್ಲಾಯಿತೆಂದರೆ ಮಡಂತ್ಯಾರಿನ ಆಸುಪಾಸು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಎಲ್ಲೆಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳ ಸರದಿ. ಕರಪತ್ರದಲ್ಲಿ ಬಹುಮಾನದ ಮೊತ್ತದಷ್ಟೇ ದಪ್ಪ ಅಕ್ಷರಗಳಲ್ಲಿ ಇನ್ನೊಂದು ಸಂಗತಿಯೂ ಅಚ್ಚಾಗಿರುವುದುಂಟು: ‘60 ಕೆ.ಜಿ. ವಿಭಾಗ’ ಅಥವಾ ‘65 ಕೆ.ಜಿ. ವಿಭಾಗ’. ಅರವತ್ತರ ವಿಭಾಗಕ್ಕೆ ಸೇರಬಯಸುವ 63 ಕೆ.ಜಿ.ಯ ಹುಡುಗನ ಮುಂದೆ ಆಗ ಎರಡು ದಾರಿಗಳಿರುತ್ತವೆ. ಒಂದೋ ತನ್ನ ತೂಕಕ್ಕೆ ಒಪ್ಪುವ ವಿಭಾಗದಲ್ಲಿ ಆಡಬೇಕು, ಇಲ್ಲವೇ ಮೂರು ಕಿಲೋ ಇಳಿಸಬೇಕು. ಪಂದ್ಯಕ್ಕೆ ಎರಡೇ ದಿನ ಉಳಿದಿದ್ದರೆ ಊಟ ಬಿಡುವುದು, ನೀರು ಬಿಡುವುದು, ಮಧ್ಯಾಹ್ನದ ಬಿಸಿಲಿನಲ್ಲಿ ರೈನ್‌ಕೋಟ್ ತೊಟ್ಟು ಓಡುವುದು ಇವೇ ಸುಲಭದ ಉಪಾಯಗಳಾಗಿ ಕಾಣುತ್ತವೆ. ಮನೆಯವರು ಇದನ್ನು ಹುಡುಗನ ಛಲವೆಂದು ಮೆಚ್ಚುವುದೂ ಉಂಟು.

ಜಗತ್ತಿನ ದೊಡ್ಡ ದೊಡ್ಡ ಕುಸ್ತಿಪಟುಗಳೂ ಬಾಕ್ಸರ್‌ಗಳೂ ಇದೇ ಉಪಾಯಗಳನ್ನು ಮಾಡಿದ್ದಾರೆ. ಅದರಿಂದ ಪದಕ ಕಳೆದುಕೊಂಡವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಎರಡು ದಿನಗಳಲ್ಲಿ ದೇಹದಿಂದ ಇಳಿಯುವುದು ನಿಜವಾಗಿ ಏನು ಎಂಬುದನ್ನು ವಿದ್ಯಾರ್ಥಿಗಳೂ ಹೆತ್ತವರೂ ತಿಳಿದುಕೊಳ್ಳುವುದು ಅಗತ್ಯ.

ಇಳಿಯುವುದು ಕೊಬ್ಬಲ್ಲ, ನೀರು

ಮೊದಲು ಒಂದು ಸರಳ ಲೆಕ್ಕ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋ ಕ್ಯಾಲರಿ ಶಕ್ತಿ ಅಡಗಿದೆ. ಸಾಮಾನ್ಯ ಯುವಕನೊಬ್ಬ ದಿನಕ್ಕೆ ವ್ಯಯಿಸುವುದು ಹೆಚ್ಚೆಂದರೆ 2,500ರ ಆಸುಪಾಸು. ಅಂದರೆ ಇಡೀ ದಿನ ಉಪವಾಸವಿದ್ದು, ಬೇಕಾದ ಶಕ್ತಿಯೆಲ್ಲ ಕೊಬ್ಬಿನಿಂದಲೇ ಬಂದಿತೆಂದು ಭಾವಿಸಿದರೂ ಕರಗುವುದು ಸುಮಾರು 325 ಗ್ರಾಂ ಮಾತ್ರ. ಹಾಗಾದರೆ ಎರಡು ದಿನಗಳಲ್ಲಿ ಮೂರು ಕಿಲೋ ಇಳಿದದ್ದು ಎಲ್ಲಿಂದ?

ಉತ್ತರ ನೀರಿನಲ್ಲಿದೆ. ನಮ್ಮ ದೇಹದ ತೂಕದಲ್ಲಿ ಸುಮಾರು ಶೇ. 60 ಭಾಗ ನೀರು. ಅರವತ್ತು ಕಿಲೋ ತೂಕದವನಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಒಂದು ಲೀಟರ್ ಬೆವರು ಹೋದರೆ ತಕ್ಕಡಿಯ ಮುಳ್ಳು ಒಂದು ಕಿಲೋ ಕೆಳಗಿಳಿಯುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜನ್ ಎಂಬ ಪಿಷ್ಟದಂಥ ವಸ್ತು ದಾಸ್ತಾನಿರುತ್ತದೆ. ಅದರ ಪ್ರತಿಯೊಂದು ಗ್ರಾಂ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಗಂಜಿ ಬಿಟ್ಟವನ ತೂಕ ಬೇಗ ಇಳಿದಂತೆ ಕಾಣುವುದು ಇದರಿಂದಲೇ. ಆದರೆ ಓಡುವಾಗ, ಎದುರಾಳಿಯನ್ನು ಹಿಡಿಯುವಾಗ ಸ್ನಾಯುವಿಗೆ ಬೇಕಾದ ಇಂಧನವೂ ಅದೇ ಗ್ಲೈಕೊಜನ್. ಹೀಗೆ ಇಳಿಸಿದ್ದು ಹೊರೆಯನ್ನಲ್ಲ, ಬುತ್ತಿಯನ್ನು.

ನೀರು ಕಡಿಮೆಯಾದಾಗ ರಕ್ತದ ದ್ರವಭಾಗವೂ ಕುಗ್ಗುತ್ತದೆ. ಒಂದೊಂದು ಮಿಡಿತದಲ್ಲಿ ಸಾಗುವ ರಕ್ತ ಕಡಿಮೆಯಾಗುವುದರಿಂದ ಹೃದಯ ಹೆಚ್ಚು ಸಲ ಮಿಡಿಯಬೇಕಾಗುತ್ತದೆ. ಚರ್ಮದ ಕಡೆಗೆ ಹರಿಯುವ ರಕ್ತ ತಗ್ಗಿ, ದೇಹದ ಬಿಸಿ ಹೊರಹೋಗುವುದು ಕಷ್ಟವಾಗುತ್ತದೆ. ದೇಹತೂಕದ ಶೇ. 2ರಷ್ಟು ನೀರು ಹೋದರೇ ದೀರ್ಘ ಶ್ರಮದ ಸಾಮರ್ಥ್ಯ ಕುಂದತೊಡಗುತ್ತದೆ. ಮೇಲೆ ಹೇಳಿದ ಹುಡುಗ ಮೂರು ಕಿಲೋ ಇಳಿಸಿದರೆ ಅದು ಸುಮಾರು ಶೇ. 5 ಆಯಿತು!

ರೈನ್‌ಕೋಟ್ ಮಾಡುವ ಅನಾಹುತ

ಬೆವರು ದೇಹವನ್ನು ತಂಪಾಗಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸರಿಯಾಗಿ ಹೇಳುವುದಾದರೆ ಬೆವರು ತಂಪು ಮಾಡುವುದಿಲ್ಲ. ಬೆವರು ಆವಿಯಾಗುವುದು ತಂಪು ಮಾಡುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾಗಲು ಸುಮಾರು 580 ಕಿಲೋ ಕ್ಯಾಲರಿ ಉಷ್ಣ ಬೇಕು. ಅಷ್ಟು ಉಷ್ಣ ಹೊರಹೋಗದೆ ಒಳಗೇ ಉಳಿದರೆ 60 ಕಿಲೋ ದೇಹದ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಏರಬಲ್ಲದು. ಆದರೆ 37 ಡಿಗ್ರಿಯಲ್ಲಿರಬೇಕಾದ ದೇಹ 41–42ಕ್ಕೆ ಏರಿದರೇ ಪ್ರಾಣಾಪಾಯ.

ರೈನ್‌ಕೋಟ್ ಅಥವಾ ರಬ್ಬರ್ ಉಡುಪಿನ ಒಳಗೆ ಬೆವರು ಧಾರಾಳವಾಗಿ ಸುರಿಯುತ್ತದೆ, ಆದರೆ ಆವಿಯಾಗಲು ಗಾಳಿಯಿಲ್ಲ. ನೀರೂ ಹೋಯಿತು, ಬಿಸಿಯೂ ಒಳಗೇ ಉಳಿಯಿತು. ಕರಾವಳಿಯ ತೇವಭರಿತ ಸೆಕೆಯಲ್ಲಂತೂ ಬರಿಮೈಯಲ್ಲೇ ಬೆವರು ಆರುವುದು ನಿಧಾನ.

ಇದು ಬರಿಯ ಪಾಠದ ಮಾತಲ್ಲ. 1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಸುಮಾರು ಒಂದು ತಿಂಗಳ ಅಂತರದಲ್ಲಿ, ಅಮೆರಿಕದ ಮೂರು ಬೇರೆ ಬೇರೆ ಕಾಲೇಜುಗಳ ಮೂವರು ಕುಸ್ತಿಪಟುಗಳು ತೂಕ ಇಳಿಸುವಾಗಲೇ ಸತ್ತರು. ಅವರ ವಯಸ್ಸು 19, 21 ಮತ್ತು 22. ಬಿಸಿ ವಾತಾವರಣದಲ್ಲಿ, ಬೆವರು ಆರದ ಉಡುಪು ತೊಟ್ಟು, ನೀರು ಕುಡಿಯದೆ ವ್ಯಾಯಾಮ ಮಾಡುತ್ತಿದ್ದುದೇ ಕಾರಣವಾಗಿತ್ತು. ಆ ಬಳಿಕ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪು ಮತ್ತು ಬಿಸಿಕೋಣೆಗಳನ್ನು ನಿಷೇಧಿಸಲಾಯಿತು. ಪ್ರತಿಯೊಬ್ಬ ವಿದ್ಯಾರ್ಥಿ ಎಷ್ಟರವರೆಗೆ ತೂಕ ಇಳಿಸಬಹುದೆಂಬುದನ್ನು ಋತುವಿನ ಆರಂಭದಲ್ಲೇ ನಿಗದಿಪಡಿಸುವ ಪದ್ಧತಿ ಬಂತು. ಅದಕ್ಕೆ ಮುನ್ನ ಮೂತ್ರದ ಸಾಪೇಕ್ಷ ಸಾಂದ್ರತೆಯನ್ನು ಅಳೆದು ಆತನ ದೇಹದಲ್ಲಿ ಸಾಕಷ್ಟು ನೀರಿದೆಯೇ ಎಂದು ನೋಡುತ್ತಾರೆ. ಪ್ರೌಢಶಾಲೆಯಲ್ಲಿ ಕಲಿಯುವ ಪಾಠವೊಂದು ಹೀಗೆ ಜೀವ ಉಳಿಸುವ ನಿಯಮವಾಯಿತು.

ತೂಕ ನೋಡುವ ಹೊತ್ತು

ಇಷ್ಟು ಅಪಾಯವಿದ್ದೂ ಕ್ರೀಡಾಪಟುಗಳು ಇದಕ್ಕೆ ಇಳಿಯುವುದೇಕೆ? ತೂಕ ನೋಡುವ ಹೊತ್ತಿಗೂ ಪಂದ್ಯದ ಹೊತ್ತಿಗೂ ಇರುವ ಅಂತರವೇ ಆಸೆಯ ಮೂಲ.

ವೃತ್ತಿಪರ ಬಾಕ್ಸಿಂಗ್‌ನಲ್ಲಿ 105 ಪೌಂಡ್‌ನಿಂದ, ಅಂದರೆ 47.6 ಕೆ.ಜಿ.ಯಿಂದ ಹಿಡಿದು ಹೆವಿವೇಟ್‌ವರೆಗೆ 17 ತೂಕ ವಿಭಾಗಗಳಿವೆ. ಒಂದು ಕಾಲದಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ತೂಗುತ್ತಿದ್ದರು. ನೀರಿಲ್ಲದೆ ಬಳಲಿದವರು ರಿಂಗ್‌ಗೆ ಇಳಿಯಬಾರದು, ಚೇತರಿಸಿಕೊಳ್ಳಲು ಸಮಯ ಸಿಗಲಿ ಎಂಬ ಸದುದ್ದೇಶದಿಂದ ಅದನ್ನು ಹಿಂದಿನ ದಿನಕ್ಕೆ ಬದಲಾಯಿಸಲಾಯಿತು. ಆದರೆ ಒಂದು ದಿನ ಸಿಗುತ್ತದೆಂದಾದ ಮೇಲೆ ಹಲವರು ಇನ್ನೂ ಹೆಚ್ಚು ಇಳಿಸತೊಡಗಿದರು. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಆರ್ಟುರೊ ಗಾಟಿ ಮತ್ತು ಜೋಯಿ ಗಮಾಶ್ ನಡುವೆ ಪಂದ್ಯ ನಡೆಯಿತು. ಹಿಂದಿನ ದಿನ 141 ಪೌಂಡ್ ತೂಗಿದ್ದ ಗಾಟಿ, ಪಂದ್ಯದ ದಿನ 160 ಪೌಂಡ್ ಇದ್ದ. ಒಂದೇ ದಿನದಲ್ಲಿ ಎಂಟೂವರೆ ಕಿಲೋಗಿಂತ ಹೆಚ್ಚು ಏರಿಕೆ! ಎರಡನೆಯ ಸುತ್ತಿನಲ್ಲೇ ನೆಲಕ್ಕುರುಳಿದ ಗಮಾಶ್‌ಗೆ ಮಿದುಳಿನ ಗಾಯವಾಯಿತು. ಆತ ಮತ್ತೆಂದೂ ಸ್ಪರ್ಧಿಸಲಿಲ್ಲ. ಸಮಾನ ತೂಕದವರ ನಡುವೆ ಪಂದ್ಯ ಎಂಬ ನಿಯಮದ ಅರ್ಥವೇ ಅಲ್ಲಿ ಉಳಿಯಲಿಲ್ಲ.

ಇಂಥದ್ದನ್ನು ತಡೆಯಲು ಬಾಕ್ಸಿಂಗ್ ಸಂಸ್ಥೆಗಳು ಬಗೆಬಗೆಯ ಬೇಲಿ ಹಾಕಿವೆ. ಒಂದು ಸಂಸ್ಥೆ ಪ್ರಶಸ್ತಿ ಪಂದ್ಯಕ್ಕೆ ತಿಂಗಳ ಮೊದಲು ಹಾಗೂ ವಾರದ ಮೊದಲು ಸ್ಪರ್ಧಿಗಳ ತೂಕ ನೋಡುತ್ತದೆ. ಇನ್ನೊಂದು, ಪಂದ್ಯದ ದಿನ ಬೆಳಿಗ್ಗೆ ಮತ್ತೊಮ್ಮೆ ತೂಗಿ, ಮಿತಿಗಿಂತ 10 ಪೌಂಡ್‌ಗಿಂತ ಹೆಚ್ಚು ಏರಿರಬಾರದೆನ್ನುತ್ತದೆ. ಚಾಂಪಿಯನ್ ತೂಕಕ್ಕೆ ಬಾರದಿದ್ದರೆ ಒಂದೇ ಒಂದು ಗುದ್ದು ಬೀಳುವ ಮೊದಲೇ ಆತನ ಪ್ರಶಸ್ತಿ ಹೋಗುತ್ತದೆ.

ಕುಸ್ತಿಯಲ್ಲಿ ಅಂತರವನ್ನೇ ಕಿರಿದುಗೊಳಿಸಿದ್ದಾರೆ. 2018ರಿಂದ ಪ್ರತಿ ವಿಭಾಗದ ಸ್ಪರ್ಧೆ ಎರಡು ದಿನ ನಡೆಯುತ್ತದೆ. ಎರಡೂ ದಿನ ಬೆಳಿಗ್ಗೆ ತೂಗಬೇಕು. ಈ ನಿಯಮ ಇಡೀ ದೇಶಕ್ಕೆ ತಿಳಿದದ್ದು ವಿನೇಶ್ ಫೋಗಟ್ ಅವರಿಂದ. 53 ಕೆ.ಜಿ. ವಿಭಾಗದಲ್ಲಿ ಸ್ಪರ್ಧಿಸುತ್ತಿದ್ದ ಅವರು ಪ್ಯಾರಿಸ್ ಒಲಿಂಪಿಕ್ಸ್‌ಗೆ 50 ಕೆ.ಜಿ.ಗೆ ಇಳಿದಿದ್ದರು. 2024ರ ಆಗಸ್ಟ್ 6ರ ಬೆಳಿಗ್ಗೆ ಮಿತಿಯೊಳಗಿದ್ದು, ಅಂದು ಮೂರು ಪಂದ್ಯಗಳನ್ನೂ ಗೆದ್ದರು. ಪಂದ್ಯಗಳ ನಡುವೆ ತೆಗೆದುಕೊಂಡ ನೀರು, ಆಹಾರದಿಂದ ಸಂಜೆಗೆ ತೂಕ ಮಿತಿಗಿಂತ 2.7 ಕಿಲೋ ಹೆಚ್ಚಿತ್ತು. ರಾತ್ರಿಯಿಡೀ ಬೆವರಿಳಿಸಿ, ಕೂದಲನ್ನೂ ಕತ್ತರಿಸಿ ನೋಡಿದರೂ ಮರುದಿನ ಬೆಳಿಗ್ಗೆ 100 ಗ್ರಾಂ ಉಳಿದುಬಿಟ್ಟಿತು. ಅರ್ಧ ಲೋಟ ನೀರಿನ ತೂಕ ಅದು! ಫೈನಲ್ ತಲುಪಿದ್ದವರು ಅನರ್ಹಗೊಂಡು ಪಟ್ಟಿಯ ಕೊನೆಗೆ ಹೋದರು. ಆಗಸ್ಟ್ 14ರಂದು ಕ್ರೀಡಾ ನ್ಯಾಯಮಂಡಳಿಯೂ ಅವರ ಮನವಿಯನ್ನು ತಿರಸ್ಕರಿಸಿತು.

ಮೇರಿ ಕೋಮ್ ಮಾಡಲಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ, 2018ರಲ್ಲಿ ಪೋಲೆಂಡ್‌ಗೆ ಬಂದಿಳಿದಾಗ ಅವರ ತೂಕ 48 ಕೆ.ಜಿ.ಗಿಂತ ಸುಮಾರು ಎರಡು ಕಿಲೋ ಹೆಚ್ಚಿತ್ತು. ತೂಗಲು ಉಳಿದಿದ್ದ ನಾಲ್ಕು ಗಂಟೆಯೊಳಗೆ ಹಗ್ಗ ಜಿಗಿದು ತೂಕ ಇಳಿಸಿ, ಕೊನೆಗೆ ಚಿನ್ನವನ್ನೂ ಗೆದ್ದರು. ಆದರೆ ಅವರು ಬೆಳವಣಿಗೆ ಮುಗಿದ, ವರ್ಷಗಟ್ಟಲೆ ಪಳಗಿದ, ತರಬೇತುದಾರರ ಕಣ್ಣಳತೆಯಲ್ಲಿದ್ದ ವಿಶ್ವ ಚಾಂಪಿಯನ್. ಒಬ್ಬಂಟಿಯಾಗಿ ಗುಡ್ಡದ ದಾರಿಯಲ್ಲಿ ಓಡುವ ಹದಿನಾರರ ಹುಡುಗನಿಗೆ ಆ ಉದಾಹರಣೆ ಹೊಂದುವುದಿಲ್ಲ.

ನಮ್ಮ ದಾರಿಯಲ್ಲೇ ಇರುವ ಪಾಠ

ಬಂಟ್ವಾಳದಿಂದ ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ ದಾಟಿದರೆ ಸಿಗುವುದು ಉಜಿರೆ. ಅಲ್ಲಿನ ಎಸ್‌ಡಿಎಂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಭಾರ ಎತ್ತುವುದನ್ನು ಕಲಿತವರು ಕುಂದಾಪುರ ಕಡೆಯ ಗುರುರಾಜ ಪೂಜಾರಿ. ಲಾರಿ ಚಾಲಕರೊಬ್ಬರ ಮಗ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆ ತೂಕ ವಿಭಾಗಗಳನ್ನು ಬದಲಿಸಿದಾಗ 56 ಕೆ.ಜಿ. ವಿಭಾಗವೇ ಇಲ್ಲದಾಯಿತು. ಗುರುರಾಜ ಮೇಲಿನ 61 ಕೆ.ಜಿ. ವಿಭಾಗಕ್ಕೆ ಹೋದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ 269 ಕೆ.ಜಿ. ಎತ್ತಿ ಕಂಚು ಪಡೆದರು. ನಾಲ್ಕನೆಯವನಿಗಿಂತ ಒಂದೇ ಕಿಲೋ ಹೆಚ್ಚು!

ಭಾರ ಎತ್ತುವ ಸ್ಪರ್ಧೆಯಲ್ಲಿ ತೂಕ ನೋಡುವುದು ಪಂದ್ಯಕ್ಕೆ ಎರಡು ಗಂಟೆ ಮೊದಲು ಆರಂಭವಾಗಿ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕಳೆದುಕೊಂಡ ನೀರನ್ನು ತುಂಬಿಕೊಳ್ಳಲು ಅಲ್ಲಿ ಹೊತ್ತಿಲ್ಲ. ಒಂದು ಕಿಲೋದಲ್ಲಿ ಪದಕ ನಿರ್ಧಾರವಾಗುವ ಕಡೆ ಬಳಲಿದ ಸ್ನಾಯು ಯಾರಿಗೆ ಬೇಕು? ಮೇಲಿನ ವಿಭಾಗಕ್ಕೆ ಹೋಗುವುದು ಸೋಲಲ್ಲ ಎಂಬುದಕ್ಕೆ 249 ಮತ್ತು 269 ಎಂಬ ಎರಡು ಸಂಖ್ಯೆಗಳೇ ಸಾಕ್ಷಿ.

ಹೆತ್ತವರ ಗಮನಕ್ಕೆ

ಹದಿಹರೆಯದಲ್ಲಿ ತೂಕ ಏರುವುದು ದೋಷವಲ್ಲ, ಬೆಳವಣಿಗೆ. ಕಳೆದ ವರ್ಷ 55 ಇದ್ದವನು ಈ ವರ್ಷ 61 ಆದರೆ ಆತ ಆಡಬೇಕಾದ್ದು ಮೇಲಿನ ವಿಭಾಗದಲ್ಲಿ. ನಿಜವಾಗಿಯೂ ಕೊಬ್ಬು ಇಳಿಸಬೇಕಿದ್ದರೆ ವಾರಕ್ಕೆ ಅರ್ಧ ಕಿಲೋದಂತೆ, ಎಣ್ಣೆ ಮತ್ತು ಸಿಹಿ ತಗ್ಗಿಸಿ, ವೈದ್ಯರನ್ನು ಕೇಳಿ ತಿಂಗಳುಗಳ ಮೊದಲೇ ಶುರುಮಾಡಬೇಕು.

ಮೂತ್ರ ಹೆಚ್ಚಿಸುವ ಮಾತ್ರೆಗಳನ್ನಂತೂ ಮುಟ್ಟಬಾರದು. ಅವು ಕ್ರೀಡೆಯಲ್ಲಿ ನಿಷಿದ್ಧ. 2003ರ ವಿಶ್ವಕಪ್ ಕ್ರಿಕೆಟ್ ವೇಳೆ ಶೇನ್ ವಾರ್ನ್ ಮನೆಗೆ ಮರಳಬೇಕಾದದ್ದು, ಒಂದು ವರ್ಷ ನಿಷೇಧಕ್ಕೊಳಗಾದದ್ದು ಇಂಥ ಮಾತ್ರೆಯಿಂದ. ಕೊಟ್ಟದ್ದು ತನ್ನ ತಾಯಿ ಎಂದು ಅವರು ಹೇಳಿದ್ದರು.

ಪಂದ್ಯದ ಮುನ್ನಾದಿನ ಮಗ ನೀರು ಬೇಡವೆಂದರೆ, ಮೂತ್ರ ಗಾಢ ಹಳದಿಯಾಗಿದ್ದರೆ, ತಲೆಸುತ್ತು, ಸ್ನಾಯುಸೆಳೆತ ಕಾಣಿಸಿದರೆ ಅದನ್ನು ಛಲವೆಂದು ಮೆಚ್ಚದೆ ನೀರು, ಗಂಜಿ, ಸೀಯಾಳ ಕೊಡಬೇಕು. ಮೈ ಸುಡುತ್ತಿದ್ದು ಮಾತು ತಡವರಿಸಿದರೆ ಬಟ್ಟೆ ಸಡಿಲಿಸಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಪಂದ್ಯಾಟ ನಡೆಸುವ ಸಂಘಗಳಿಗೂ ಇದರಲ್ಲಿ ಪಾಲಿದೆ. ಆಟಕ್ಕೆ ತುಸು ಮೊದಲೇ ತೂಗುವುದು, ತೂಗುವ ಜಾಗದಲ್ಲೇ ಕುಡಿಯುವ ನೀರಿಡುವುದು, ತೂಕ ಮೀರಿದ ಹುಡುಗನನ್ನು ಓಡಿಸಿ ಮತ್ತೆ ತೂಗದಿರುವುದು ದುಬಾರಿಯ ಕೆಲಸಗಳೇನಲ್ಲ. ಅರವತ್ತಕ್ಕೆ ಮೂರು ಕಿಲೋ ಮೀರಿದವನಿಗೆ ಅರವತ್ತೈದರ ತಂಡದಲ್ಲಿ ಜಾಗ ಹುಡುಕಿಕೊಡುವುದು ಅವುಗಳಲ್ಲೆಲ್ಲ ಸುಲಭವಾದದ್ದು.