ಅಣುಜೋಡಿಯ ಗಿರಕಿ

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅದರ ಹತ್ತಿರದ ನೆಂಟ ಹೈಡ್ರೊಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ನಾತದ ಆ ಅನಿಲ, ಮೈನಸ್ 60 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಎರಡೂ ಅಣುಗಳದು ಒಂದೇ ಅಚ್ಚು: ನಡುವೆ ಒಂದು ಪರಮಾಣು, ಅದಕ್ಕೆ ಕೋನವಾಗಿ ಅಂಟಿಕೊಂಡ ಎರಡು ಹೈಡ್ರೊಜನ್. ತೂಕ ನೋಡಿದರೆ ಸಲ್ಫೈಡೇ ಹೆಚ್ಚು. ಆದರೂ 160 ಡಿಗ್ರಿಗಳ ಅಂತರ. ಪ್ರತಿ ಅಣುವೂ ತನ್ನ ಪಕ್ಕದ ಅಣುವನ್ನು ಎಷ್ಟು ಬಲವಾಗಿ ಹಿಡಿದುಕೊಂಡಿದೆ ಎಂಬುದೇ ಇದಕ್ಕೆ ಕಾರಣ.

ಆ ಹಿಡಿತ ಬಹಳ ಸಡಿಲವಾದದ್ದು. ನೀರಿನ ಅಣುವಿನೊಳಗಿನ ಆಕ್ಸಿಜನ್–ಹೈಡ್ರೊಜನ್ ಬಂಧ ಮುರಿಯಲು ಮೋಲ್‌ಗೆ ಸರಾಸರಿ 460 ಕಿಲೋಜೂಲ್ ಬೇಕಾದರೆ, ಜೊತೆಗೂಡಿದ ಎರಡು ನೀರಿನ ಅಣುಗಳನ್ನು ಬೇರ್ಪಡಿಸಲು 13 ಸಾಕು. ಆರ್ಗಾನ್ ಪರಮಾಣು ಮತ್ತು ಹೈಡ್ರೊಜನ್ ಕ್ಲೋರೈಡ್ ಜೋಡಿಗೆ ಒಂದೂವರೆಯಷ್ಟೂ ಬೇಕಿಲ್ಲ. ಕೋಣೆಯ ಉಷ್ಣತೆಯ ತಳಮಳವೇ ಎರಡೂವರೆ ಕಿಲೋಜೂಲ್ ಇರುವಾಗ ಇಂಥ ಜೋಡಿ ಉಳಿಯುವುದೆಲ್ಲಿ? ಅದನ್ನು ಅಳೆಯಬೇಕಾದರೆ ಮೊದಲು ಚಳಿಯಲ್ಲಿಡಬೇಕು, ಬೇರೆ ಅಣುಗಳು ಬಂದು ಡಿಕ್ಕಿ ಹೊಡೆಯದಂತೆ ಕಾಯಬೇಕು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟೆರಿ ಬಾಲ್ ಮತ್ತು ವಿಲಿಸ್ ಫ್ಲೈಗೇರ್ 1980ರ ಆಸುಪಾಸಿನಲ್ಲಿ ಕಟ್ಟಿದ ಮೈಕ್ರೋವೇವ್ ರೋಹಿತಮಾಪಕ ಈ ಎರಡನ್ನೂ ಒಂದೇ ಏಟಿಗೆ ಸಾಧಿಸುತ್ತದೆ. ಆರ್ಗಾನ್ ಅಥವಾ ಹೀಲಿಯಮ್‌ನಲ್ಲಿ ಪರೀಕ್ಷೆಯ ಅನಿಲವನ್ನು ಚೂರೇ ಚೂರು ಬೆರೆಸಿ, ಒತ್ತಡದಲ್ಲಿಟ್ಟು, ಸಣ್ಣ ರಂಧ್ರದ ಮೂಲಕ ನಿರ್ವಾತದ ತೊಟ್ಟಿಗೆ ಚಿಮ್ಮಿಸುತ್ತಾರೆ. ದಿಕ್ಕುದೆಸೆಯಿಲ್ಲದೆ ಓಡುತ್ತಿದ್ದ ಅಣುಗಳೆಲ್ಲ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನುಗ್ಗುತ್ತವೆ. ಅವುಗಳ ನಡುವಣ ತಳಮಳ ಅಡಗಿ ಉಷ್ಣತೆ ಕೆಲವೇ ಕೆಲ್ವಿನ್‌ಗೆ ಇಳಿಯುತ್ತದೆ. ರಂಧ್ರದ ಬಾಯಲ್ಲಿ ಎರಡು ಅಣು ಕೂಡಿದಾಗ ಮಿಗುವ ಶಕ್ತಿಯನ್ನು ಮೂರನೆಯದೊಂದು ಆರ್ಗಾನ್ ಹೊತ್ತೊಯ್ಯುತ್ತದೆ. ಅಲ್ಲಿಂದ ಮುಂದೆ ಜೋಡಿಯನ್ನು ಕೆಣಕುವವರಿಲ್ಲ.

ಹೀಗೆ ಸಾಗುವ ಜೋಡಿ ಎರಡು ನಿಮ್ನ ಕನ್ನಡಿಗಳ ನಡುವೆ ಬಂದಾಗ ಮೈಕ್ರೋವೇವ್‌ನ ಒಂದು ಮಿಡಿತ ತಾಗುತ್ತದೆ. ಲಕ್ಷಾಂತರ ಜೋಡಿಗಳು ತಾಳ ಹಿಡಿದು ತಿರುಗತೊಡಗುತ್ತವೆ. ಮಿಡಿತ ನಿಂತ ಮೇಲೂ ಅವು ತಮ್ಮದೇ ಆವರ್ತದಲ್ಲಿ ಕ್ಷೀಣವಾದ ತರಂಗ ಹೊರಸೂಸುತ್ತಿರುತ್ತವೆ. ಅದನ್ನು ಹಿಡಿದು ಫೂರಿಯರ್ ಗಣಿತಕ್ಕೆ ಒಳಪಡಿಸಿದರೆ ರೋಹಿತದ ಗೆರೆಗಳು ಕಾಣುತ್ತವೆ. ಜೋಡಿಗೆ ವಿದ್ಯುತ್ ದ್ವಿಧ್ರುವ ಇರಲೇಬೇಕು. ಎರಡು ಆರ್ಗಾನ್ ಜೊತೆಗೂಡಿದರೆ ಈ ಯಂತ್ರಕ್ಕೆ ಕಾಣದು.

ಕೈ ಚಾಚಿ ಗಿರಕಿ ಹೊಡೆಯುವ ಮಗು ಕೈ ಮಡಿಸಿದವಳಿಗಿಂತ ನಿಧಾನವಾಗಿ ತಿರುಗುವಂತೆ, ದೂರ ನಿಂತ ಜೋಡಿಯ ಆವರ್ತ ಕಡಿಮೆ. ಹತ್ತು ಗಿಗಾಹರ್ಟ್ಸ್‌ನ ಗೆರೆಯನ್ನು ಕೆಲವೇ ಕಿಲೋಹರ್ಟ್ಸ್ ನಿಖರತೆಯಲ್ಲಿ ಓದಬಹುದಾದ್ದರಿಂದ ಅಂತರ ಕರಾರುವಾಕ್ಕಾಗಿ ಸಿಗುತ್ತದೆ: ನೀರಿನ ಜೋಡಿಯಲ್ಲಿ ಆಕ್ಸಿಜನ್‌ನಿಂದ ಆಕ್ಸಿಜನ್‌ಗೆ ಸುಮಾರು 2.98 ಆಂಗ್‌ಸ್ಟ್ರಾಮ್. ಹೈಡ್ರೊಜನ್ ಎತ್ತ ಮುಖ ಮಾಡಿದೆ ಎಂದು ತಿಳಿಯಲು ಅದರ ಜಾಗದಲ್ಲಿ ಡ್ಯುಟೀರಿಯಮ್ ಇಟ್ಟು ಗೆರೆ ಎಷ್ಟು ಸರಿಯಿತೆಂದು ನೋಡುತ್ತಾರೆ. ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಇನ್ನೊಂದು ಸಂಗತಿ. ಜೋರಾಗಿ ತಿರುಗಿದಷ್ಟೂ ಜೋಡಿ ತುಸು ಹಿಗ್ಗುತ್ತದೆ, ಆಗ ಗೆರೆಗಳು ಸಮಾನ ಅಂತರದಿಂದ ಕೊಂಚವೇ ಜಾರುತ್ತವೆ. ಆ ಕೊಂಚದಲ್ಲೇ ಹಿಡಿತದ ಬಿಗುವು ಎಷ್ಟೆಂಬುದು ಅಡಗಿದೆ. ಬಲವನ್ನು ಎಲ್ಲೂ ಮುಟ್ಟದೆ ಅಳೆದಂತಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥದೇ ಯಂತ್ರ ಕಟ್ಟಿದವರು ಪ್ರೊ. ಇ. ಅರುಣನ್. ಇಲಿನಾಯ್‌ನಲ್ಲಿ ಫ್ಲೈಗೇರ್ ತೀರಿಕೊಂಡ ಮೇಲೆ ಆ ಕೆಲಸ ಮುಂದುವರಿಸಿದ ಗುಟೋವ್‌ಸ್ಕಿಯವರ ಜೊತೆ ದುಡಿದವರು. ಒಂದು ಅಣುವಿನ ಹೈಡ್ರೊಜನ್ ಪಕ್ಕದ ಅಣುವಿನತ್ತ ಚಾಚಿ ಹಿಡಿಯುವ ನಂಟಿಗೆ, ಅಂದರೆ ಹೈಡ್ರೊಜನ್ ಬಂಧಕ್ಕೆ, 2011ರಲ್ಲಿ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಪ್ರಕಟಿಸಿದ ಹೊಸ ವ್ಯಾಖ್ಯೆಯ ಹಿಂದಿನ ತಂಡವನ್ನೂ ಅವರು ಮುನ್ನಡೆಸಿದ್ದರು.

ಹೈಡ್ರೊಜನ್ ಸಲ್ಫೈಡ್‌ನಲ್ಲೂ ಈ ಬಂಧ ಇದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಟ್ಟವರಲ್ಲೂ ಅವರಿದ್ದಾರೆ. ಮಂಜುಗಡ್ಡೆಯಲ್ಲಿ ಪ್ರತಿ ಅಣುವಿಗೆ ನಾಲ್ಕೇ ನೆರೆಯವರು, ಘನ ಸಲ್ಫೈಡ್‌ನಲ್ಲಿ ಹನ್ನೆರಡು. ಇಷ್ಟು ಮಂದಿ ಸುತ್ತ ಸಮವಾಗಿ ನಿಂತ ಮೇಲೆ ಯಾರ ಕಡೆಗೂ ಹೈಡ್ರೊಜನ್ ಚಾಚುವ ಪ್ರಶ್ನೆಯಿಲ್ಲ, ಹೈಡ್ರೊಜನ್ ಬಂಧವೂ ಇಲ್ಲ ಎಂದು ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ವಾದಿಸಿದ್ದರು. ಪಠ್ಯಗಳು ಅದನ್ನೇ ಹೇಳುತ್ತ ಬಂದವು. ಅರುಣನ್ ಮತ್ತು ಸಂಗಡಿಗರು 2018ರಲ್ಲಿ ಎರಡೇ ಅಣುಗಳ ಜೋಡಿಯ ರೋಹಿತವನ್ನು ಬಿಡಿಸಿ ತೋರಿಸಿದಾಗ ಚಿತ್ರವೇ ಬೇರೆ: ಗಂಧಕಗಳ ನಡುವೆ ನಾಲ್ಕು ಆಂಗ್‌ಸ್ಟ್ರಾಮ್‌ಗೂ ಮಿಗಿಲಾದ ದೂರವಿದ್ದರೂ ಒಂದು ಅಣುವಿನ ಹೈಡ್ರೊಜನ್ ಇನ್ನೊಂದರ ಗಂಧಕದತ್ತ ನೆಟ್ಟಗೆ ಚಾಚಿದೆ, ನೀರಿನಲ್ಲಿರುವ ಹಾಗೆಯೇ. ಹಿಡಿತ ಮಾತ್ರ ಅಷ್ಟು ಗಟ್ಟಿಯಲ್ಲ. ಕೊಂಚ ಬಿಸಿ ತಗುಲಿದರೂ ಘನದಲ್ಲಿನ ಅಣು ನಿಂತಲ್ಲೇ ಹೊರಳಾಡುತ್ತದೆ, ಹಾಗೆ ಹೊರಳುವ ಅಣುವಿಗೆ ಹನ್ನೆರಡು ನೆರೆಯವರೂ ಒಂದೇ.