ಹನ್ನೆರಡನೇ ಮಟ್ಟದ ಮಂತ್ರ ಹಾಕಿದ ಆ ಒಬ್ಬನೇ ಒಬ್ಬ!

ಚಿಟಿಕೆ ಗಂಧಕ, ಜೊತೆಗೊಂದಿಷ್ಟು ಬಾವಲಿಯ ಹಿಕ್ಕೆ. ಬೆರಳು ಚಾಚಿ ಮಂತ್ರ ಹೇಳಿದರೆ ಮುಗಿಯಿತು, ಬೆಂಕಿಯುಂಡೆ ಸಿಡಿದ ಜಾಗದಿಂದ ಸುತ್ತ 20 ಅಡಿವರೆಗೆ ಎಲ್ಲವೂ ಧಗಧಗ! 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ, ಆಟಗಾರರು ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ಆಟದ ಹೆಸರಾಂತ ಫೈರ್‌ಬಾಲ್ ಇದು. ಇಷ್ಟಾಗಿಯೂ ಇದು ಬರೀ 3ನೇ ಮಟ್ಟದ ಮಂತ್ರ. ಮಟ್ಟಗಳು ಒಂಬತ್ತರವರೆಗೂ ಏರುತ್ತವೆ. ಒಂಬತ್ತನೆಯದರಲ್ಲಿ ಕಾಲವನ್ನೇ ನಿಲ್ಲಿಸಬಹುದು, ಬಾಯಲ್ಲಿ ಹೇಳಿದ ಆಸೆ ಕಣ್ಣೆದುರು ನಿಜವಾಗಬಹುದು!

ಹಾಗಾದರೆ ಆ ಲೋಕದಲ್ಲಿ ಎಲ್ಲರಿಗಿಂತ ಬಲಶಾಲಿ ಮಾಂತ್ರಿಕ ಯಾರು? ಆಟಗಾರರು ನಾಲ್ಕು ಜನ ಸೇರಿದರೆ ಈ ಜಗಳ ಶುರು. ಈ ಆಟದ ಲೋಕಗಳು ಹಲವು. ಜಗಳ ಹೆಚ್ಚು ಕಾವೇರುವುದು 'ಫರ್ಗಾಟನ್ ರೆಲ್ಮ್ಸ್' ಲೋಕದ ವಿಷಯಕ್ಕೆ. ಕೆನಡಾದ ಎಡ್ ಗ್ರೀನ್‌ವುಡ್ ಅದನ್ನು ಕಲ್ಪಿಸಿಕೊಂಡದ್ದು ಹುಡುಗನಾಗಿದ್ದಾಗ, ಈ ಆಟವೇ ಇನ್ನೂ ಹುಟ್ಟಿರದ ಕಾಲದಲ್ಲಿ! ಆಟ ಬಂದದ್ದು 1974ರಲ್ಲಿ, ಅವರ ಲೋಕ ಪುಸ್ತಕ, ನಕ್ಷೆಗಳ ಪೆಟ್ಟಿಗೆಯಾಗಿ ಅಂಗಡಿಗೆ ಬಂದದ್ದು 1987ರಲ್ಲಿ.

ಕೇಳಿದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹೆಸರು ಎಲ್ಮಿನ್‌ಸ್ಟರ್. ಉದ್ದ ಗಡ್ಡ, ಬಾಯಲ್ಲಿ ಪೈಪು, ಸಾವಿರ ವರ್ಷ ದಾಟಿದ ಆಯಸ್ಸು. ಈ ಮುದುಕನ ಠೀವಿ ಎಂಥದ್ದೆಂದರೆ, 1990ರ ದಶಕದಲ್ಲಿ 'ಡ್ರ್ಯಾಗನ್' ಪತ್ರಿಕೆಗೆ ಗ್ರೀನ್‌ವುಡ್ ಒಂದು ಲೇಖನಮಾಲೆಯನ್ನೇ ಬರೆದರು. ಬೇರೆ ಬೇರೆ ಲೋಕಗಳ ಮೂವರು ಮಹಾಮಾಂತ್ರಿಕರಾದ ಎಲ್ಮಿನ್‌ಸ್ಟರ್, ಮಾರ್ಡೆನ್‌ಕೈನನ್ ಮತ್ತು ಡಲಮಾರ್ ನಮ್ಮ ಭೂಮಿಗೆ ಬಂದು, ಗ್ರೀನ್‌ವುಡ್ ಮನೆಯಲ್ಲೇ ಕೂತು ತಿಂಡಿ ತಿನ್ನುತ್ತಾ ಮಂತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಮನೆಯ ಯಜಮಾನ? ಮೂಲೆಯಲ್ಲಿ ನಿಲ್ಲಿಸಿದ ಉಕ್ಕಿನ ಕವಚದೊಳಗೆ ಅಡಗಿ ಕೂತು ಎಲ್ಲವನ್ನೂ ಕದ್ದು ಕೇಳುತ್ತಾನೆ! ಸ್ವಂತ ಪಾತ್ರಕ್ಕೆ ಹೆದರಿ ಸ್ವಂತ ಮನೆಯಲ್ಲೇ ಬಚ್ಚಿಟ್ಟುಕೊಂಡ ಲೇಖಕ ಇನ್ನೊಬ್ಬ ಇದ್ದರೆ ತೋರಿಸಿ.

ಎಲ್ಮಿನ್‌ಸ್ಟರ್ ಅಂದರೆ ಎದುರಿನವರು ಲಾರ್ಲಾಕ್ ಅನ್ನುತ್ತಾರೆ. ಸತ್ತರೂ ಸಾಯದೆ 'ಲಿಚ್' ಆಗಿ ಉಳಿದ ಪುರಾತನ ಮಾಂತ್ರಿಕ ಅವನು. ಒಬ್ಬ ಲಿಚ್ ಎದುರಾದರೇ ಆಟಗಾರರ ಕೈ ನಡುಗುತ್ತದೆ, ಇವನ ಕೈಕೆಳಗೆ ಲಿಚ್‌ಗಳ ಒಂದು ಹಿಂಡೇ ಇದೆ! ಥೇ ದೇಶವನ್ನು ಹಿಡಿತದಲ್ಲಿಟ್ಟುಕೊಂಡ ಸಾಸ್ ಟಾಮ್, ವಾಟರ್‌ಡೀಪ್ ನಗರದ ತಳದಲ್ಲಿ ಪಾತಾಳವನ್ನೇ ಕೊರೆದ ಹುಚ್ಚ ಹಲಸ್ಟರ್, ಇವರಿಗೂ ಅಭಿಮಾನಿಗಳುಂಟು.

ಆದರೆ ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ ಇವರ್ಯಾರೂ ಅಲ್ಲ. ಈ ಲೋಕದಲ್ಲಿ ಮಾಂತ್ರಿಕನಿಗೆ ಸ್ವಂತ ಶಕ್ತಿಯೇ ಇಲ್ಲ! ಎಲ್ಲ ಮಾಯೆಯೂ 'ವೀವ್' ಎಂಬ ಜಾಲದಿಂದ ಬರುತ್ತದೆ, ಅದನ್ನು ಕಾಯುವವಳು ಮಿಸ್ಟ್ರಾ ದೇವತೆ. ಮಿಕ್ಸಿ ಎಷ್ಟೇ ದೊಡ್ಡದಿರಲಿ, ಕರೆಂಟ್ ಹೋದರೆ ಚಟ್ನಿ ಇಲ್ಲ. ಆಟದ ನಾಲ್ಕನೇ ಆವೃತ್ತಿ ಬಂದಾಗ ಕಥೆಯಲ್ಲಿ ಮಿಸ್ಟ್ರಾಳ ಕೊಲೆಯಾಯಿತು. ಎಲ್ಮಿನ್‌ಸ್ಟರನಂಥ ಎಲ್ಮಿನ್‌ಸ್ಟರನೇ ಸೊರಗಿಹೋದ.

ಹಾಗಿದ್ದರೆ ಆ ಕರೆಂಟಿನ ಬುಡಕ್ಕೇ ಕೈಹಾಕಿದವನೊಬ್ಬ ಇದ್ದರೆ? ಇದ್ದ, ಅದಕ್ಕೂ ಎಷ್ಟೋ ಕಾಲ ಹಿಂದೆ! ಕಾರ್ಸಸ್. ಬೆಟ್ಟದ ತುದಿಗಳನ್ನು ಕತ್ತರಿಸಿ, ತಲೆಕೆಳಗು ಮಾಡಿ, ಅವುಗಳ ಮೇಲೆ ಊರು ಕಟ್ಟಿ ಆಕಾಶದಲ್ಲಿ ತೇಲಿಬಿಟ್ಟ ನೆಥೆರಿಲ್ ಸಾಮ್ರಾಜ್ಯದವನು. ಫೇರಿಮ್ ಎಂಬ ಜೀವಿಗಳು ನೆಲದ ಸತ್ವವನ್ನೇ ಹೀರತೊಡಗಿದಾಗ, ದೇಶ ಉಳಿಸುತ್ತೇನೆಂದು ಹೊರಟು ಅವನು ಹಾಕಿದ್ದು 12ನೇ ಮಟ್ಟದ ಮಂತ್ರ. ಹೌದು, ಹನ್ನೆರಡು! ದೇವತೆಯೊಬ್ಬಳ ಶಕ್ತಿಯನ್ನು ಕಿತ್ತು ತನ್ನದಾಗಿಸಿಕೊಳ್ಳುವ ಮಂತ್ರ. ಅವನು ಆರಿಸಿದ್ದು ಅಂದಿನ ಮಾಯೆಯ ದೇವತೆ ಮಿಸ್ಟ್ರಿಲ್‌ಳನ್ನೇ. ಮಂತ್ರ ಫಲಿಸಿತು! ಜಾಲವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಕೆಲಸ ಮಾತ್ರ ಅವನಿಗೆ ತಿಳಿದಿರಲಿಲ್ಲ. ಮಾಯೆ ಅಡ್ಡಾದಿಡ್ಡಿ ಉಕ್ಕಿತು. ಜಾಲ ಉಳಿಸಲು ಮಿಸ್ಟ್ರಿಲ್ ಪ್ರಾಣ ಬಿಟ್ಟಳು, ಮಾಯೆ ನಿಂತಿತು, ತೇಲುತ್ತಿದ್ದ ಊರುಗಳು ಧರೆಗೆ ಬಿದ್ದವು. ಕಾರ್ಸಸ್ ಕಲ್ಲಾದ.

ಮಿಸ್ಟ್ರಾ ಆಗಿ ಮರುಹುಟ್ಟಿದ ದೇವತೆ ಎತ್ತರದ ಮಂತ್ರಗಳ ಬಾಗಿಲನ್ನೇ ಮುಚ್ಚಿದಳು. ತಮಾಷೆ ನೋಡಿ: ಒಂಬತ್ತು ಮಟ್ಟದ ನಿಯಮ ಆಟದ ಪುಸ್ತಕಕ್ಕೆ ಬಂದದ್ದು 1975ರಲ್ಲೇ. ನೆಥೆರಿಲ್ ಕಥೆಯನ್ನು ಬಿಡಿಸಿ ಹೇಳಿದ ಪೆಟ್ಟಿಗೆ ಬಂದದ್ದು 1996ರಲ್ಲಿ. ನಿಯಮಕ್ಕೆ ಇಪ್ಪತ್ತು ವರ್ಷದ ಮೇಲೆ ಪುರಾಣ ಹುಟ್ಟಿತು! ಇವತ್ತು ಆಟದ ತುತ್ತತುದಿಯಾದ 20ನೇ ಲೆವೆಲ್ ಮುಟ್ಟಿದ ಮಾಂತ್ರಿಕನಿಗೂ 9ನೇ ಮಟ್ಟದ ಮಂತ್ರ ದಿನಕ್ಕೆ ಒಂದೇ ಸಲ. 2023ರ 'ಬಾಲ್ಡರ್ಸ್ ಗೇಟ್ 3' ವಿಡಿಯೋ ಗೇಮಿನಲ್ಲಿ ಗೇಲ್ ಎಂಬ ಮಾಂತ್ರಿಕ ಆಸೆಗಣ್ಣು ನೆಟ್ಟಿರುವುದೂ ಇದೇ ಕಾರ್ಸಸ್‌ನ ಮಾಯಾ ಕಿರೀಟದ ಮೇಲೆ.

ಎಲ್ಮಿನ್‌ಸ್ಟರ್ ಅಭಿಮಾನಿಗಳು ಸಿಟ್ಟಾಗಲಿ, ಪರವಾಗಿಲ್ಲ. ಬದುಕಿ ಉಳಿಯುವ ಜಾಣ್ಮೆಗೆ ಬಹುಮಾನವಿದ್ದರೆ ಅದು ಅವರ ಮುದುಕನಿಗೇ ಸಲ್ಲಲಿ. ಬಲದ ಲೆಕ್ಕದಲ್ಲಿ ನನ್ನ ಓಟು ಕಾರ್ಸಸ್‌ಗೆ, ಎರಡನೆಯದು ಲಾರ್ಲಾಕ್‌ಗೆ.